ಮುಖಕ್ಕೆ ಒಪ್ಪುವ ಬೆಳಕು

ನಮ್ಮ ಮನೆಯ ಪಡಸಾಲೆಯಲ್ಲಿ ನನ್ನ ಅವ್ವನ ಛಾಯಾಚಿತ್ರವೊಂದಿದೆ. ಅವಳದೆಂದು ಉಳಿದಿರುವುದು ಅದೊಂದೇ. ಹಳೆಯ ಬಾಗಲಕೋಟೆಯ ನಮ್ಮ ಅಂಗಳದಲ್ಲಿ, ಬೇಸಗೆಯ ನಡುಹಗಲಿನಲ್ಲಿ ತೆಗೆದದ್ದು. ತಲೆಯ ಮೇಲೆ ಹೊದ್ದ ಇಳಕಲ್ಲ ಸೀರೆಯ ಸೆರಗಿನ ನೆರಳು ಅವಳ ಕಣ್ಣುಗಳನ್ನು ನುಂಗಿದೆ. ಮೂಗಿನ ನೆರಳು ತುಟಿಯ ಮೇಲೆ ಮೀಸೆಯಂತೆ ಕೂತಿದೆ. ನನ್ನ ಮಗಳು ಚಿಕ್ಕವಳಿದ್ದಾಗ, "ಅಪ್ಪಾ, ಆಯಿ ಯಾಕ ಸಿಟ್ಟಾಗ್ಯಾಳ?" ಎಂದು ಕೇಳಿದ್ದಳು. ಸಿಟ್ಟು ಸೂರ್ಯನದು, ಅಪವಾದ ಅವ್ವನಿಗೆ. ಆ ಅಂಗಳ ಆಲಮಟ್ಟಿಯ ಹಿನ್ನೀರಿಗೆ ಹೋಯಿತು, ಅವ್ವನೂ ಹೋದಳು. ಆ ಚಿತ್ರವನ್ನು ಮತ್ತೆ ತೆಗೆಯುವಂತಿಲ್ಲ. ನಿಮ್ಮ ಮನೆಯ ಹಿರಿಯರಿಗೆ ಹೀಗಾಗದಿರಲೆಂದು ಈ ನಾಲ್ಕು ಮಾತು.

ಸೂರ್ಯ ಬಹು ದೊಡ್ಡವನು, ನಿಜ. ಆದರೆ ಸುಮಾರು 15 ಕೋಟಿ ಕಿಲೋಮೀಟರು ದೂರದಲ್ಲಿರುವುದರಿಂದ ನಮ್ಮ ಕಣ್ಣಿಗೆ ಅರ್ಧ ಡಿಗ್ರಿಯಷ್ಟೇ ಅಗಲ. ಚಿಕ್ಕದಾಗಿ ಕಾಣುವ ದೀಪ ಚೂರಿಯಂಥ ನೆರಳನ್ನು ಬೀಳಿಸುತ್ತದೆ. ಮೋಡ ಕವಿದಾಗ ಆಕಾಶವೆಲ್ಲ ಒಂದೇ ದೀಪವಾಗುತ್ತದೆ. ಆಗ ನೆರಳಿನ ಅಂಚು ಕರಗುತ್ತದೆ. ಇದನ್ನು ಕಣ್ಣಾರೆ ಕಾಣಬೇಕಾದರೆ ಬಾದಾಮಿಗೆ ಹೋಗಿರಿ. ಮಂಗಲೇಶನ, ಶಕ 500ರ, ಎಂದರೆ ಕ್ರಿ.ಶ. 578ರ ಶಾಸನವುಳ್ಳ ಮೂರನೆಯ ಗುಹೆಯ ಮೊಗಸಾಲೆಯಲ್ಲಿ, ಶೇಷನ ಮೇಲೆ ಕುಳಿತ ವಿಷ್ಣುವಿನ ಮುಂದೆ ನಿಲ್ಲಿರಿ. ಕಂಬಗಳ ನಡುವಿನಿಂದ ಬರುವ ಬಾನಿನ ಬೆಳಕು, ನೆಲದ ಕಲ್ಲಿನಿಂದ ಮರಳಿ ಏಳುವ ಬೆಳಕು, ಎರಡೂ ಕೂಡಿ ಆ ಕಲ್ಲಿನ ಕೆನ್ನೆಗೆ ದುಂಡನ್ನು ಕೊಡುತ್ತವೆ.

ಇಂಥ ಬೆಳಕನ್ನು ಹೆಗಲಿಗೆ ಹಾಕಿಕೊಂಡು ಹೋಗಬಹುದೆಂದು ನನಗೆ ತೋರಿಸಿದವನು ಹುನಗುಂದದಲ್ಲಿ ಮದುವೆಗಳ ಚಿತ್ರ ತೆಗೆಯುವ ನನ್ನ ಹಳೆಯ ವಿದ್ಯಾರ್ಥಿ. ಅವನ ಚೀಲದಲ್ಲಿದ್ದುದು ಸಾಫ್ಟ್‌ಬಾಕ್ಸ್. ಮೃದು ಬೆಳಕಿನ ಪೆಟ್ಟಿಗೆ ಎನ್ನೋಣ. ಕೊಡೆಯಂತೆ ಕಡ್ಡಿಗಳು, ಹೊರಗೆ ಕರಿಯ ಬಟ್ಟೆ, ಒಳಗೆ ಬೆಳ್ಳಿಯ ಹೊಳಪು, ಮುಂದೆ ಬಿಳಿಯ ಪರದೆ. ಒಳಗೆ ಫ್ಲಾಶೋ ಎಲ್‌ಇಡಿ ದೀಪವೋ ಇರುತ್ತದೆ. ಕೆಲಸ ಮುಗಿದರೆ ಮಡಿಚಿ ಚೀಲಕ್ಕೆ.

ಇಲ್ಲಿ ಹಲವರು ತಪ್ಪುವುದುಂಟು. ಪರದೆಯೊಂದಿದ್ದರೆ ಬೆಳಕು ಮೃದುವಾಯಿತೆಂದು ತಿಳಿದು ಪೆಟ್ಟಿಗೆಯನ್ನು ದೂರ ನಿಲ್ಲಿಸುತ್ತಾರೆ. ಮೃದುತನ ಇರುವುದು ಬೆಳಕಿನ ಅಗಲದಲ್ಲಿ, ಅದೂ ಮುಖಕ್ಕೆ ಕಾಣುವ ಅಗಲದಲ್ಲಿ. 60 ಸೆಂಟಿಮೀಟರಿನ ಪೆಟ್ಟಿಗೆಯನ್ನು ಮುಖದಿಂದ ಸುಮಾರು ಅಷ್ಟೇ ದೂರದಲ್ಲಿಟ್ಟರೆ ಅದು ಕಿಟಕಿ; 3 ಮೀಟರು ದೂರವಿಟ್ಟರೆ ಮತ್ತೆ ಸಣ್ಣ ದೀಪವೇ. ನೇರ ಎದುರಿಗೆ ಬೇಡ. ಒಂದು ಪಕ್ಕಕ್ಕೆ, ಕಣ್ಣಿಗಿಂತ ತುಸು ಮೇಲೆ, ಕೆಳಮುಖವಾಗಿ ಬಾಗಿಸಿ ಇಡಿರಿ. ಸೆರಗು ಹೊದ್ದವರಿದ್ದರೆ ಇನ್ನೂ ಕೆಳಗಿಳಿಸಿರಿ. ಕಣ್ಣುಗಳಲ್ಲಿ ಬೆಳಕಿನ ಚುಕ್ಕೆ ಮಿನುಗಿತೆಂದರೆ ಸರಿಯಾಯಿತು. ಬಯಲಿನಲ್ಲಾದರೆ ಕಂಬದ ಬುಡಕ್ಕೆ ಜೋಳದ ಚೀಲವೊಂದನ್ನು ಒರಗಿಸಿರಿ. ಗಾಳಿಗೆ ಈ ಪೆಟ್ಟಿಗೆ ಹಾಯಿಯಾಗುತ್ತದೆ.

ಇಳಕಲ್ಲಿನ ಕೆಂಪು ಸೆರಗು ಬೆಳಕನ್ನುಂಡು ಗಲ್ಲಕ್ಕೆ ಕೆಂಪನ್ನು ಉಗುಳುತ್ತದೆ. ಬೆಳಕನ್ನು ಮುಖದತ್ತ ತಿರುಗಿಸಿ ಸೆರಗಿನಿಂದ ತಪ್ಪಿಸಿರಿ. ದಂಪತಿಗಳಿಬ್ಬರನ್ನು ಕೂಡಿಸಿದಾಗ ಹತ್ತಿರದವರು ಬೆಳಗಿ ಆಚೆಯವರು ಮಸುಕಾಗುವುದುಂಟು. ಆಗ ಪೆಟ್ಟಿಗೆಯನ್ನು ತುಸು ಹಿಂದಕ್ಕೆಳೆದು, ಇಬ್ಬರಿಗೂ ಸಮದೂರದಲ್ಲಿ ನಿಲ್ಲಿಸಿರಿ.

ಪೆಟ್ಟಿಗೆ ಇಲ್ಲವೆಂದು ಕೊರಗಬೇಕಾಗಿಲ್ಲ. 1956ರ 'ಅಪರಾಜಿತೋ' ಚಿತ್ರಕ್ಕಾಗಿ ಕಾಶಿಯ ಮನೆಯ ಅಂಗಳವನ್ನು ಸ್ಟುಡಿಯೋದಲ್ಲಿ ಕಟ್ಟಿದಾಗ, ಛಾಯಾಗ್ರಾಹಕ ಸುಬ್ರತ ಮಿತ್ರ ಅವರು ಮೇಲೆ ಬಿಳಿಯ ಬಟ್ಟೆಯನ್ನು ಹಾಸಿ, ದೀಪದ ಬೆಳಕನ್ನು ಅದಕ್ಕೆ ತಾಗಿಸಿ ಮರಳಿಸಿ ಹಗಲನ್ನು ಸೃಷ್ಟಿಸಿದರು. ನಮ್ಮದೋ ಮಗ್ಗದ ನಾಡು; ಬಟ್ಟೆಗೇನು ಬಡತನ? ಬಿಸಿಲು ಬೀಳುವ ಕಿಟಕಿಗೆ ಬಿಳಿಯ ದೋತರ ಕಟ್ಟಿರಿ. ಮುಖದ ಇನ್ನೊಂದು ಪಕ್ಕಕ್ಕೆ ಮತ್ತೊಂದು ದೋತರ ಹಿಡಿಯಿರಿ. ಪೆಟ್ಟಿಗೆಯ ಕೆಲಸ ಅಲ್ಲಿಯೇ ಆಯಿತು.

ಕೊನೆಗೊಂದು ಎಚ್ಚರಿಕೆ. ಕನ್ಯೆಯ ಚಿತ್ರ ತೆಗೆಸುವಾಗ, "ಬೆಳ್ಳಗ ಕಾಣಂಗ ತಗೀರಿ" ಎನ್ನುವ ತಾಯಂದಿರಿದ್ದಾರೆ. ಬೆಳಕನ್ನು ಅತಿಯಾಗಿ ಸುರಿದರೆ ಬಣ್ಣ ಬಿಳಿಚೀತು. ಜೊತೆಗೆ ಮೂಗು, ಕೆನ್ನೆ, ನಗೆಯ ಗೆರೆ ಎಲ್ಲವೂ ಅಳಿದಾವು. ವರನ ಕಡೆಯವರು ಬೇರೆ ಯಾರನ್ನೋ ನೋಡಿದಂತಾಯಿತು. ಅದು ಮುಖಸ್ತುತಿ, ಸೊಬಗಲ್ಲ. ಮೃದು ಬೆಳಕು ಕಪ್ಪನ್ನು ಕಪ್ಪಾಗಿಯೇ ಇಟ್ಟು ಅದರ ಕಾಂತಿಯನ್ನು ತೋರಿಸುತ್ತದೆ. ಛಾಯೆ ಎಂಬ ಶಬ್ದಕ್ಕೆ ನೆರಳು ಎಂಬ ಅರ್ಥವೂ ಉಂಟು, ಕಾಂತಿ ಎಂಬ ಅರ್ಥವೂ ಉಂಟು. ಎರಡೂ ಉಳಿದರೇ ಛಾಯಾಚಿತ್ರ.

ಬರುವ ಭಾನುವಾರ ಮುಂಜಾನೆ, ನಿಮ್ಮ ಮನೆಯ ಹಿರಿಯ ಜೀವವನ್ನು ಕಿಟಕಿಯ ಬಳಿಗೆ ಕರೆದು ಕೂಡಿಸಿರಿ. ಅವರು, "ನನ್ನ ಫೋಟೋ ಯಾತಕ್ಕ ಬಿಡೋ" ಎನ್ನುತ್ತಾರೆ. ನನ್ನ ಅವ್ವನೂ ಹಾಗೆಯೇ ಅಂದಿದ್ದಳು. ನೀವು ಕೇಳಬೇಡಿರಿ.