ಹಾಲುತುಪ್ಪದ ದಿನದ ನಗು



ಸಾವಿನ ಮನೆಯಲ್ಲಿ ಮೂರನೇ ದಿನ ಹಾಲುತುಪ್ಪ ಬಿಟ್ಟು ಬಂದ ಮೇಲೆ ಒಂದು ವಿಚಿತ್ರವಾದ ಬಿಡುವು ಬರುತ್ತದೆ. ನೆಂಟರಲ್ಲಿ ಅರ್ಧ ಜನ ಹೊರಟಿರುತ್ತಾರೆ. ಉಳಿದವರಿಗೆ ಅತ್ತು ಅತ್ತು ಗಂಟಲು ಕಟ್ಟಿರುತ್ತದೆ, ಇನ್ನೇನು ಮಾತಾಡಬೇಕು ಅಂತ ತೋಚುವುದಿಲ್ಲ. ಕೊರಟಗೆರೆ ತಾಲ್ಲೂಕಿನ ನಮ್ಮ ಹಳ್ಳಿಯಲ್ಲಿ ದೊಡ್ಡಪ್ಪ ತೀರಿಕೊಂಡಾಗ ನಾವೂ ಹಾಗೇ ಜಗಲಿ ಮೇಲೆ ಕೂತಿದ್ದೆವು. ದೊಡ್ಡಮ್ಮ ನಡುಮನೆಯ ಕಂಬಕ್ಕೆ ಒರಗಿದ್ದರು. ಮೂರು ದಿನದಿಂದ ಅವರ ಬಾಯಲ್ಲಿ ಮಾತಿಲ್ಲ. ಪಕ್ಕದಲ್ಲಿಟ್ಟ ಕಾಫಿ ಕೆನೆಗಟ್ಟಿತ್ತು.

ಆಗ ದೊಡ್ಡಪ್ಪನ ಹಳೇ ಸ್ನೇಹಿತರೊಬ್ಬರು ತಮಗೆ ತಾವೇ ಹೇಳಿಕೊಳ್ಳುವ ಹಾಗೆ ಮಧುಗಿರಿ ಬೆಟ್ಟದ ಕಥೆ ಶುರು ಮಾಡಿದರು. ಆ ಬೆಟ್ಟ ನೋಡಿದವರಿಗೆ ಗೊತ್ತು, ಅದು ಒಂದೇ ಬಂಡೆ. ಹತ್ತುವಾಗ ಬಂಡೆ ಎದೆಗೆ ಬರುತ್ತದೆ. ಇಳಿಯುವಾಗ ಕಾಲ ಕೆಳಗೆ ಇಡೀ ಊರು ಬೆಂಕಿಪೊಟ್ಟಣದ ಹಾಗೆ ಕಾಣುತ್ತದೆ. ಕೋಟೆ ತುದಿ ಮುಟ್ಟೇ ಬರ್ತೀನಿ ಅಂತ ಊರಿಗೆಲ್ಲ ಸಾರಿ ಹೋಗಿದ್ದ ದೊಡ್ಡಪ್ಪ ಅರ್ಧ ಹತ್ತಿ, ಒಂದು ಸಲ ಹಿಂದಿರುಗಿ ನೋಡಿ, ಅಲ್ಲೇ ಕೂತುಬಿಟ್ಟರಂತೆ. ಕೂತವರು ಏಳಲಿಲ್ಲ. ಕೂತ ಹಾಗೇ ಒಂದೊಂದೇ ಗೇಣು ಜಾರುತ್ತಾ ಕೆಳಗಿಳಿದರು. ನೆಲ ಮುಟ್ಟುವ ಹೊತ್ತಿಗೆ ಪಂಚೆಯ ಹಿಂಭಾಗ ಬಂಡೆಯ ಪಾಲಾಗಿತ್ತು. ಹೆಗಲ ಮೇಲಿನ ಟವಲನ್ನು ಹಿಂದಕ್ಕೆ ಕಟ್ಟಿಕೊಂಡು ಬಸ್ಸು ಹತ್ತಿದರು. ಸೀಟು ಖಾಲಿ ಇತ್ತು. ಕೂತ್ಕಳಿ ಯಜಮಾನ್ರೇ ಅಂದ ಕಂಡಕ್ಟರಿಗೆ, "ಬ್ಯಾಡಪ್ಪ, ಇವತ್ತು ಬೇಕಾದಷ್ಟು ಕೂತಿದೀನಿ" ಅಂದರಂತೆ.

ನಡುಮನೆಯಿಂದ ಒಂದು ಸದ್ದು ಬಂತು. ಮತ್ತೆ ಅಳುತ್ತಿದ್ದಾರೆ ಅಂದುಕೊಂಡು ಇಬ್ಬರು ಎದ್ದರು. ದೊಡ್ಡಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡು ನಗುತ್ತಿದ್ದರು. ಭುಜ ಕುಲುಕುತ್ತಿತ್ತು. ನಗು ಹಾಗೇ ಅಳುವಾಯಿತು, ಅಳು ಮತ್ತೆ ನಗುವಾಯಿತು. ಸ್ವಲ್ಪ ಹೊತ್ತಾದ ಮೇಲೆ ಕಣ್ಣೊರೆಸಿಕೊಂಡು, "ಈ ಕಾಫಿ ಬಿಸಿ ಮಾಡ್ಕೊಡ್ರೇ" ಅಂದರು. ಮೂರು ದಿನದಲ್ಲಿ ಅವರಾಡಿದ ಮೊದಲ ಮಾತು ಅದು.

ನಗು ಒಂದು ಚಿಕಿತ್ಸೆ ಎನ್ನುವ ಮಾತು ಈಗ ಎಲ್ಲ ಕಡೆ ಇದೆ. ಪಾರ್ಕುಗಳಲ್ಲಿ ಬೆಳಗ್ಗೆ ಕೈ ಮೇಲೆತ್ತಿ ಹೊಹ್ಹೋ ಹಹ್ಹಾ ಎನ್ನುವ ಗುಂಪುಗಳನ್ನು ನೀವೂ ನೋಡಿರುತ್ತೀರಿ. ಇದನ್ನು ಶುರು ಮಾಡಿದವರು ಮುಂಬೈಯ ವೈದ್ಯ ಮದನ್ ಕಟಾರಿಯಾ. 1995ರ ಮಾರ್ಚ್ 13ರಂದು ಒಂದು ಪಾರ್ಕಿನಲ್ಲಿ ಐದೇ ಜನರೊಂದಿಗೆ. ಮೊದಮೊದಲು ಸರದಿಯ ಮೇಲೆ ಜೋಕು ಹೇಳಿಕೊಂಡು ನಗುತ್ತಿದ್ದರು. ಎರಡು ವಾರ ಕಳೆಯುವಷ್ಟರಲ್ಲಿ ಜೋಕಿನ ಗಂಟು ಬರಿದಾಯಿತು. ಉಳಿದವು ಹೆಂಗಸರ ಮುಂದೆ ಹೇಳುವಂಥವಲ್ಲ. ಆಗ ಕಟಾರಿಯಾ, ಜೋಕೇ ಬೇಡ, ಸುಮ್ಮನೆ ನಗೋಣ ಅಂದರು. ಹುಸಿನಗುವಾಗಿ ಶುರುವಾದದ್ದು ಎದುರಿನವರ ಮುಖ ನೋಡುತ್ತಾ ನೋಡುತ್ತಾ ನಿಜದ ನಗುವೇ ಆಗುತ್ತದೆ ಎನ್ನುವುದು ಅವರು ಕಂಡುಕೊಂಡ ಉಪಾಯ. ನನಗೆ ಈ ಕವಾಯತಿನ ನಗು ಅಷ್ಟಾಗಿ ಒಗ್ಗದು, ಒಪ್ಪಿಕೊಳ್ಳುತ್ತೇನೆ. ಆದರೆ ಜೋಕು ಮುಗಿದ ಮೇಲೂ ಆ ಜನ ಮಾರನೇ ದಿನ ಬಂದರಲ್ಲ, ಅದು ನನ್ನನ್ನು ಹಿಡಿದು ನಿಲ್ಲಿಸುತ್ತದೆ. ಅವರು ಬರುತ್ತಿದ್ದದ್ದು ಜೋಕಿಗಲ್ಲ, ಜೊತೆಗೆ.

ರಾಬರ್ಟ್ ಪ್ರೊವೈನ್ ಅಂತ ಅಮೆರಿಕದ ಮನೋವಿಜ್ಞಾನಿಯೊಬ್ಬರು ತಮ್ಮ ವಿದ್ಯಾರ್ಥಿಗಳನ್ನು ಕರೆದುಕೊಂಡು ಅಂಗಡಿ, ಬೀದಿಗಳಲ್ಲಿ ಜನ ನಗುವುದನ್ನು ಕದ್ದು ಕೇಳಿ ಬರೆದುಕೊಂಡರು. ಹೀಗೆ ಕೂಡಿಸಿದ್ದು 1200 ನಗು. ಅದರಲ್ಲಿ ತಮಾಷೆ ಎನ್ನಬಹುದಾದ ಮಾತಿಗೆ ಹುಟ್ಟಿದ ನಗು ನೂರಕ್ಕೆ ಇಪ್ಪತ್ತೂ ಇರಲಿಲ್ಲ. ಮಿಕ್ಕದ್ದೆಲ್ಲ ಬರೀ ಊಟ ಆಯ್ತಾ, ಎಲ್ಲಿಗೆ ಹೊರಟೆ ಎನ್ನುವಂಥ ಮಾತಿಗೆ. ಒಂಟಿಯಾಗಿ ಇರುವಾಗಿನದಕ್ಕಿಂತ ಜೊತೆಯಲ್ಲಿ ಇರುವಾಗ ಮನುಷ್ಯ ಮೂವತ್ತು ಪಟ್ಟು ಹೆಚ್ಚು ನಗುತ್ತಾನೆ ಎಂದೂ ಅವರು ಕಂಡರು.

ಇದನ್ನು ಓದಿದಾಗ ನನಗೆ ನೆನಪಾದದ್ದು ಹುಣಸೆಹಣ್ಣು. ಫೆಬ್ರವರಿ, ಮಾರ್ಚ್ ಬಂತೆಂದರೆ ಶಿರಾ, ಮಧುಗಿರಿ, ಪಾವಗಡದ ಹಳ್ಳಿಗಳ ಜಗಲಿಗಳಲ್ಲಿ ಹೆಂಗಸರು ಸಾಲಾಗಿ ಕೂತು ಹುಣಸೆಹಣ್ಣು ಕುಟ್ಟುತ್ತಾರೆ. ಒಂದು ಕೈಯಲ್ಲಿ ಹಣ್ಣು, ಇನ್ನೊಂದರಲ್ಲಿ ಸುತ್ತಿಗೆ. ಕುಟ್ಟಬೇಕು, ಬೀಜ ಹಾರಿಸಬೇಕು, ನಾರು ಎಳೆಯಬೇಕು. ಮಧ್ಯಾಹ್ನದ ಹೊತ್ತಿಗೆ ಬೆರಳೆಲ್ಲ ಅಂಟು, ಉಗುರಿನ ಸಂದಿಗೆ ಹುಳಿ ಇಳಿದು ಚುರುಚುರು ಉರಿ. ಕೂಲಿ ತೂಕದ ಮೇಲೆ, ಹಾಗಾಗಿ ಕೈ ನಿಲ್ಲಿಸುವಂತಿಲ್ಲ. ಬಾಯಿಗೆ ಮಾತ್ರ ಆ ಕಟ್ಟಿಲ್ಲ. "ಅಳಿಯ ಬಂದವ್ನಂತೆ?" ಅಂತ ಒಬ್ಬಳು ಕೇಳಿದಳು. "ನಿಂಗ್ಯಾರು ಹೇಳಿದ್ದು?" "ಯಾರೂ ಹೇಳ್ಲಿಲ್ಲ ಕಣಕ್ಕ, ಬೆಳಗ್ಗಿಂದ ನಿಮ್ಮನೆ ಹುಂಜ ಕೂಗ್ತಿಲ್ಲ." ಇಡೀ ಜಗಲಿ ನಕ್ಕಿತು. ಪಾವಗಡದ ಕಡೆಯಾದರೆ ಬೈಗುಳ ಕನ್ನಡದಲ್ಲಿ, ಗಾದೆ ತೆಲುಗಿನಲ್ಲಿ. ಬರೆದು ತೋರಿಸಿದರೆ ಈ ಮಾತುಗಳಲ್ಲಿ ಅರ್ಧಕ್ಕೂ ನಿಮಗೆ ನಗು ಬರಲಿಕ್ಕಿಲ್ಲ. ಅಲ್ಲಿ ಕೂತಿರಬೇಕು.

ಆಕ್ಸ್‌ಫರ್ಡಿನ ರಾಬಿನ್ ಡನ್ಬಾರ್ ಮತ್ತವರ ತಂಡ 2011ರಲ್ಲಿ ಪ್ರಕಟಿಸಿದ ಒಂದು ಪ್ರಯೋಗ ಇದೆ. ಮಂಜಿನಂತೆ ಕೊರೆಯುವ ಪಟ್ಟಿಯನ್ನು ಜನರ ತೋಳಿಗೆ ಸುತ್ತಿ, ಎಷ್ಟು ಹೊತ್ತು ತಾಳುತ್ತಾರೆ ಎಂದು ಅಳೆದರು. ಹಾಸ್ಯದ ವಿಡಿಯೋ ನೋಡಿ ಚೆನ್ನಾಗಿ ನಕ್ಕವರು ಮೊದಲಿಗಿಂತ ಹೆಚ್ಚು ಹೊತ್ತು ತಾಳಿದರು. ಹೊಟ್ಟೆ ಹಿಡಿದು ನಗುವಾಗ ಮೆದುಳಿನಲ್ಲಿ ಎಂಡಾರ್ಫಿನ್ ಎಂಬ ನೋವು ತಗ್ಗಿಸುವ ರಸ ಬಿಡುಗಡೆಯಾಗುತ್ತಿರಬೇಕು ಎಂದು ಅವರ ವಿವರಣೆ. ಜಗಲಿಯ ಹೆಂಗಸರು ಆ ಹೆಸರು ಕೇಳಿದವರಲ್ಲ. ಒಬ್ಬೊಬ್ಬರೇ ಮನೆಯೊಳಗೆ ಕೂತು ಕುಟ್ಟಿದರೆ ಕೈ ಜಾಸ್ತಿ ಉರಿಯುತ್ತದೆ ಎನ್ನುವುದು ಅವರಿಗೆ ಗೊತ್ತು.

ನಮ್ಮದು ಬರ ಕಂಡ ಸೀಮೆ. ಮಳೆ ಕೈಕೊಟ್ಟ ವರ್ಷ ನಮ್ಮ ಹಿಂದಿನವರು ತೊಗಲುಗೊಂಬೆಯವರನ್ನು ಕರೆಸಿ ಆಟ ಆಡಿಸುತ್ತಿದ್ದರು. ರಾಮಾಯಣ ಆಡಿಸಿದರೆ ಮಳೆ ಬರುತ್ತದೆ ಎಂಬ ನಂಬಿಕೆ. ಆದರೆ ಗಣಪತಿಯ ಸ್ತುತಿ ಮುಗಿಯಿತೋ ಇಲ್ಲವೋ, ಪರದೆಯ ಮೇಲೆ ಕುಣಿದು ಬರುವವರು ಕಿಳ್ಳೇಕ್ಯಾತ ಮತ್ತು ಬಂಗಾರಕ್ಕ. ಗಂಡ ಹೆಂಡತಿಯ ಕಚ್ಚಾಟ, ಮನೆಯಲ್ಲಿ ಆಡಲಾಗದ ಪೋಲಿ ಮಾತು, ಊರ ಗೌಡನಿಗೂ ಒಂದು ಚುಚ್ಚು. ಇಲ್ಲಿ ಅದರ ಒಂದು ಸಾಲನ್ನೂ ನಾನು ಹೇಳುವ ಹಾಗಿಲ್ಲ! ಕಣಜದಲ್ಲಿ ಕಾಳಿಲ್ಲ, ಕೆರೆಯಲ್ಲಿ ಹನಿ ನೀರಿಲ್ಲ, ಅಂಥ ರಾತ್ರಿಯಲ್ಲಿ ಊರಿಗೆ ಊರೇ ಚಾಪೆ ಹಾಸಿಕೊಂಡು ಕೂತು ನಗುತ್ತಿತ್ತು. ಮಳೆ ಬರುತ್ತಿತ್ತೋ ಇಲ್ಲವೋ, ಆ ವಾದಕ್ಕೆ ನಾನು ಹೋಗುವುದಿಲ್ಲ. ಊರಂತೂ ಒಂದು ಕಡೆ ಬರುತ್ತಿತ್ತು.

ಕನ್ನಡದಲ್ಲಿ ನಗೆಪತ್ರಿಕೆ ಎಂದರೆ ನೆನಪಾಗುವ 'ಕೊರವಂಜಿ'ಯನ್ನು 1942ರಲ್ಲಿ ಶುರು ಮಾಡಿ ಇಪ್ಪತ್ತೈದು ವರ್ಷ ನಡೆಸಿದ ರಾ.ಶಿ. ಅವರೂ ಕಟಾರಿಯಾರಂತೆ ವೈದ್ಯರೇ, ಡಾಕ್ಟರ್ ಎಂ. ಶಿವರಾಂ. ಮನಸ್ಸಿನ ಕಾಯಿಲೆಗಳನ್ನು ಕುರಿತ ಅವರ 'ಮನಮಂಥನ'ಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಎರಡೂ ಒಬ್ಬರದೇ ಕೈಯ ಕೆಲಸ. ನಗಿಸುವುದು ಬೇರೆ, ಕಾಯಿಲೆಯನ್ನು ಕಾಯಿಲೆ ಎಂದು ಗುರುತಿಸಿ ಮದ್ದು ಕೊಡುವುದು ಬೇರೆ ಎಂದು ತಿಳಿದವರು ಅವರು. ನಾವು ಎಡವುವುದು ಇಲ್ಲೇ. ಕೊಳವೆಬಾವಿ ಬತ್ತಿ, ಕಡಲೆಕಾಯಿ ಕೈಕೊಟ್ಟು, ಸಾಲದ ನೋಟೀಸು ಬಂದವನೊಬ್ಬ ರಾತ್ರಿ ನಿದ್ದೆಯಿಲ್ಲದೆ, ಊಟ ಸೇರದೆ, ಟೀ ಅಂಗಡಿಯ ಮೂಲೆಯಲ್ಲಿ ಕೂತಿರುತ್ತಾನೆ. "ಯಾಕ್ಲಾ ಮುಖ ಹಿಂಗೈತೆ, ನಗೋ ಒಂಚೂರು" ಅನ್ನುತ್ತೇವೆ. ಅವನು ನಗುತ್ತಾನೆ ಕೂಡ. ಆ ನಗು ನೋಡಿ ನಾವು ನಿಶ್ಚಿಂತೆಯಾಗಿ ಎದ್ದು ಹೋಗುತ್ತೇವೆ. ಅವನಿಗೆ ಬೇಕಿದ್ದದ್ದು ಪಕ್ಕದಲ್ಲಿ ಕೂತು ಎರಡು ಮಾತು ಕೇಳುವವರು, ಮತ್ತೆ ವೈದ್ಯರು. 14416 ಎಂಬ ಟೆಲಿ ಮಾನಸ್ ಸಹಾಯವಾಣಿ ಇದೆ. 2022ರ ಅಕ್ಟೋಬರಿನಿಂದ ನಡೆಯುತ್ತಿದೆ. ದಿನದ ಯಾವ ಹೊತ್ತಿನಲ್ಲಾದರೂ ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ. ಗೋಡೆ ಮೇಲೆ ಹಾಲಿನವರ ನಂಬರಿನ ಪಕ್ಕ ಇದನ್ನೂ ಬರೆದಿಡಿ.

ಇನ್ನು ಗೇಲಿ. ಕುಂಟುವವನನ್ನು, ಓದಿನಲ್ಲಿ ಹಿಂದೆ ಬಿದ್ದ ಹುಡುಗನನ್ನು ನಡುವೆ ನಿಲ್ಲಿಸಿ ನಗುವುದು. ಅಲ್ಲಿಯೂ ಜೊತೆ ಇದೆ, ಸದ್ದೂ ಅದೇ. ಒಬ್ಬನನ್ನು ಮಾತ್ರ ಹೊರಗೆ ನಿಲ್ಲಿಸಿರುತ್ತಾರೆ. ದೊಡ್ಡಪ್ಪನ ಪಂಚೆಯ ಕಥೆ ಹೇಳಿದವರು ಅವರ ಜೊತೆಗೇ ಬೆಟ್ಟ ಹತ್ತಿ, ಅದೇ ಜಾಗದಲ್ಲಿ ತಾವೂ ಕೂತು ಜಾರಿದವರು. ಅದನ್ನು ಹೇಳಲು ಅವರಿಗೆ ಹಕ್ಕಿತ್ತು.

ದೊಡ್ಡಮ್ಮ ಈಗಲೂ ಹುಣಸೆಹಣ್ಣಿನ ಕಾಲದಲ್ಲಿ ಜಗಲಿಗೆ ಬಂದು ಕೂರುತ್ತಾರೆ. ಸುತ್ತಿಗೆ ಹಿಡಿಯುವ ಶಕ್ತಿ ಕೈಯಲ್ಲಿಲ್ಲ, ನಾರು ಎಳೆಯುತ್ತಾರೆ. ನಾನು ಊರಿಗೆ ಹೋದರೆ, "ಆ ಬೆಟ್ಟದ ಕಥೆ ಹೇಳೋ, ಇವ್ರು ಕೇಳಿಲ್ಲ" ಅನ್ನುತ್ತಾರೆ. ಎಲ್ಲರೂ ಕೇಳಿದ್ದಾರೆ. ಆದರೂ ಹೇಳುತ್ತೇನೆ. ನಡುನಡುವೆ ಅವರೇ ಬಾಯಿ ಹಾಕಿ ತಿದ್ದುತ್ತಾರೆ. ಮೊದಲು ಪಂಚೆ ಹರಿದದ್ದು ಒಂದು ಗೇಣು ಇತ್ತು. ಹೋದ ವರ್ಷ ಒಂದು ಮೊಳ ಆಯಿತು. ಈ ಸಲ ನಾನು ಟವಲ್ ಕಟ್ಟಿಕೊಂಡು ಬಸ್ ಹತ್ತಿದರು ಅನ್ನುವಷ್ಟರಲ್ಲೇ ಕೈ ಅಡ್ಡ ಹಿಡಿದರು. "ಟವಲ್ ಎಲ್ಲಿತ್ತೋ? ಅದು ಗಾಳಿಗೆ ಹಾರೋಗಿತ್ತು. ಯಾರದೋ ಕಡಲೆಕಾಯಿ ಮೂಟೆ ಬಿಚ್ಚಿ, ಗೋಣಿಚೀಲ ಸುತ್ಕಂಡು ಬಂದ್ರು ನಿಮ್ಮ ದೊಡ್ಡಪ್ಪ."