ಹೊರದೇಶದ ಓದು, ನಮ್ಮ ತೋಟದ ನೆರಳು



ಕೃಷಿ ಪದವಿ ಮುಗಿಸಿದ ನಮ್ಮ ಮಕ್ಕಳಲ್ಲಿ ಕೆಲವರು ಹೆಚ್ಚಿನ ವ್ಯಾಸಂಗಕ್ಕೆ ಹೊರದೇಶಗಳಿಗೆ ಹೋಗುತ್ತಾರೆ. ಅಲ್ಲಿನವರೂ ಇಲ್ಲಿಗೆ ಬಂದು ಕಲಿಯುತ್ತಾರೆ. "ಇದರಿಂದ ನಮ್ಮ ತೋಟಕ್ಕೇನು ಲಾಭ?" ಅಂತ ನೀವು ಕೇಳಬಹುದು. ಕೇಳಲೇಬೇಕಾದ ಮಾತು. ಕಾಫಿಯ ಒಂದು ಉದಾಹರಣೆ ಹೇಳುತ್ತೇನೆ.

ಮಧ್ಯ ಅಮೆರಿಕದ ಕೋಸ್ಟರಿಕಾ ದೇಶದಲ್ಲಿ ತುರಿಯಾಲ್ಬಾ ಎಂಬ ಊರಿದೆ. ನಮ್ಮದರಂತೆ ಅದೂ ಉಷ್ಣವಲಯದ ನಾಡು. ಕಾಫಿ, ಕಬ್ಬು, ಬಾಳೆ ಬೆಳೆಯುವ ಸೀಮೆ. ಅಲ್ಲಿ 1942ರಲ್ಲಿ ಒಂದು ಕೃಷಿ ಸಂಶೋಧನಾ ಸಂಸ್ಥೆ ಹುಟ್ಟಿತು. 1946ರಲ್ಲಿ ಸ್ನಾತಕೋತ್ತರ ಶಿಕ್ಷಣ ಆರಂಭವಾಯಿತು. 1973ರಿಂದ ಅಲ್ಲಿರುವ ಸಂಸ್ಥೆಗೆ ಕಾಟಿಯೆ ಎಂದು ಹೆಸರು. ನಾನಾ ದೇಶಗಳ ವಿದ್ಯಾರ್ಥಿಗಳು ಅಲ್ಲಿ ಕೂಡಿ ಕಲಿಯುತ್ತಾರೆ.

2000ದಲ್ಲಿ ಅಲ್ಲಿ ಒಂದು ದೀರ್ಘಕಾಲದ ಪ್ರಯೋಗ ಹೂಡಿದರು. ಕೆಲವು ತಾಕುಗಳಲ್ಲಿ ಕಾಫಿಗೆ ನೆರಳೇ ಇಲ್ಲ. ಕೆಲವು ತಾಕುಗಳಲ್ಲಿ ಪೊರೊ ಮರದ ನೆರಳು. ಈ ಪೊರೊ ಬೇರೆ ಯಾವುದೂ ಅಲ್ಲ, ನಮ್ಮ ಹಾಲವಾಣದ ಬಳಗದ್ದೇ. ಗಾಳಿಯ ಸಾರಜನಕವನ್ನು ಹಿಡಿದು ಮಣ್ಣಿಗೆ ಕೊಡುವ ಮರ. ಕೊಂಬೆ ಸವರಿ ಬುಡಕ್ಕೆ ಹಾಕಿದರೆ ಸೊಪ್ಪು ಕೊಳೆತು ಗೊಬ್ಬರವಾಗುತ್ತದೆ. ನಿಮಗೆ ಇದು ಹೊಸದೇನಲ್ಲ ಬಿಡಿ.

ಈಗ ಮುಖ್ಯ ಮಾತಿಗೆ ಬರೋಣ. ಕೋಸ್ಟರಿಕಾದಲ್ಲಿ ಬಯಲು ಬಿಸಿಲಲ್ಲೂ ಕಾಫಿ ಬೆಳೆದು, ಹೆಚ್ಚು ಗೊಬ್ಬರ ಕೊಟ್ಟು ಹೆಚ್ಚು ಫಸಲು ತೆಗೆಯುವವರುಂಟು. ಅದನ್ನು ಕಂಡು ಬಂದವರು "ಮರ ಕಡಿಯಿರಿ, ಫಸಲು ಏರುತ್ತದೆ" ಅಂದರೆ ಕೊಡಲಿ ಎತ್ತಬೇಡಿ. ತುರಿಯಾಲ್ಬಾದಲ್ಲಿ ಹೆಚ್ಚುಕಡಿಮೆ ವರ್ಷವೆಲ್ಲ ಮಳೆ. ನಮ್ಮ ಮಲೆನಾಡಿಗೆ ಮುಂಗಾರು ಕಳೆದ ಮೇಲೆ ತಿಂಗಳುಗಟ್ಟಲೆ ಒಣಹವೆ. ಅದಕ್ಕಿಂತ ದೊಡ್ಡ ವ್ಯತ್ಯಾಸ ಇನ್ನೊಂದಿದೆ. ನಮ್ಮ ಅರೇಬಿಕಾ ಗಿಡವನ್ನು ಕೊಲ್ಲುವ ಬಿಳಿ ಕಾಂಡಕೊರಕ ಆ ಸೀಮೆಯಲ್ಲಿಲ್ಲ. ಈ ದುಂಬಿಗೆ ಬಿಸಿಲು ಬಿದ್ದ ಕಾಂಡವೇ ಇಷ್ಟ. ತೊಗಟೆಯ ಬಿರುಕಿನಲ್ಲಿ ಮೊಟ್ಟೆ ಇಡುತ್ತದೆ. ನೆರಳು ತೆಗೆದರೆ ಅದನ್ನು ಕರೆದು ಮಣೆ ಹಾಕಿದಂತೆ. ಒಮ್ಮೆ ಕಡಿದ ಮರ ಮತ್ತೆ ನೆರಳು ಕೊಡಲು ಎಷ್ಟು ವರ್ಷ ಬೇಕು, ನೀವೇ ಬಲ್ಲಿರಿ.

ಹಾಗಾದರೆ ಹೊರಗಿನ ಓದು ವ್ಯರ್ಥವೇ? ಖಂಡಿತ ಅಲ್ಲ. ಎರಡು ನಾಡು ಕಂಡವರಿಗೇ ಈ ವ್ಯತ್ಯಾಸ ಚೆನ್ನಾಗಿ ತಿಳಿಯುವುದು. ಓದಿ ಬಂದವರನ್ನು ಮೂರು ಪ್ರಶ್ನೆ ಕೇಳಿ: ಅಲ್ಲಿ ಮಳೆ ಎಷ್ಟು ತಿಂಗಳು? ಕೀಟ, ರೋಗ ಯಾವುವು? ಎಕರೆಗೆ ಖರ್ಚೆಷ್ಟು? ಉತ್ತರ ಸರಿಕಂಡರೆ ಒಂದು ಮೂಲೆಯಲ್ಲಿ ಮಾತ್ರ ಮಾಡಿ ನೋಡಿ. ಪಕ್ಕದಲ್ಲೇ ಹಳೆಯ ಪದ್ಧತಿಯ ಸಾಲು ಇರಲಿ. ಎರಡರ ಖರ್ಚು, ಫಸಲು ಬರೆದಿಡಿ.

ಹೊರದೇಶದ ವಿದ್ಯಾರ್ಥಿ ನಿಮ್ಮ ತೋಟಕ್ಕೆ ಬಂದರೆ ಮರಗಸಿ ಯಾವಾಗ, ಏಕೆ ಮಾಡುತ್ತೀರಿ ಎಂದು ಬಿಡಿಸಿ ಹೇಳಿ. ನಿಮ್ಮಿಂದ ಕಲಿತು ಬರೆದದ್ದರ ಸಾರಾಂಶವನ್ನು ಕನ್ನಡದಲ್ಲಿ ಕಳಿಸಿಕೊಡು ಅಂತ ಕೇಳಿ. ಕೇಳುವ ಹಕ್ಕು ನಿಮಗಿದೆ. ಮನೆಯ ಮಗಳೋ ಮಗನೋ ಹೊರಗೆ ಹೋಗಿ ಓದುತ್ತೇನೆಂದರೆ ಸಂತೋಷವಾಗಿ ಕಳಿಸಿ. ಹೊರಡುವ ಮುನ್ನ ತೋಟವನ್ನೆಲ್ಲ ಒಂದು ಸುತ್ತು ಹಾಕಿಸಿ, ನೀವು ಬಲ್ಲದ್ದನ್ನು ಹೇಳಿಕೊಡಿ.