ಯಾವ ತೋಟದ್ದು, ಯಾವತ್ತು ಹುರಿದದ್ದು?

ಚಿಕ್ಕಮಗಳೂರು, ಕೊಡಗು, ಹಾಸನ ಸೀಮೆಗಳಿಂದ ಮೂಟೆ ಕಟ್ಟಿಕೊಂಡು ಬಂದಿರುವ ಬೆಳೆಗಾರ ಬಂಧುಗಳೇ, ಬೀಜ ಹುರಿದು ಪುಡಿ ಮಾಡುವ ಅಂಗಡಿಯವರೇ, ಬೆಳಗಿನ ಎರಡನೇ ಲೋಟವನ್ನು ಇಲ್ಲೇ ಕುಡಿದರಾಯಿತು ಎಂದುಕೊಂಡು ಬಂದಿರುವ ಮೈಸೂರಿನ ಮಹಾಜನರೇ,

ದೀಪ ಹಚ್ಚಿಸುವ ಬದಲು ಹಿತ್ತಾಳೆ ಫಿಲ್ಟರಿಗೆ ಬಿಸಿನೀರು ಹುಯ್ಯಿಸಿ ನನ್ನಿಂದ ಈ ಕಾಫಿ ಮೇಳದ ಉದ್ಘಾಟನೆ ಮಾಡಿಸಿದ್ದೀರಿ. ಸಂಘಟಕರ ಜಾಣತನ ನನಗೆ ತಡವಾಗಿ ತಿಳಿಯಿತು. ಡಿಕಾಕ್ಷನ್ ಇಳಿಯುವುದಕ್ಕೆ ಹದಿನೈದು ಇಪ್ಪತ್ತು ನಿಮಿಷ ಬೇಕು. ಭಾಷಣಕ್ಕೂ ಅಷ್ಟೇ ಅವಕಾಶ. ಹಾಗಾಗಿ ಪೀಠಿಕೆ ಬಿಟ್ಟು ನೇರ ದೂರಿಗೇ ಬರುತ್ತೇನೆ. ದೂರು ನಮ್ಮ ಮೇಲೆಯೇ, ಕುಡಿಯುವವರ ಮೇಲೆ.

ದೇಶದಲ್ಲಿ ಬೆಳೆಯುವ ಕಾಫಿಯಲ್ಲಿ ನೂರಕ್ಕೆ ಸುಮಾರು 70 ಪಾಲು ಕರ್ನಾಟಕದ್ದು. ದೇಶದ ಬೆಳೆಯಲ್ಲಿ ದೊಡ್ಡ ಪಾಲು ಹಡಗು ಹತ್ತುತ್ತದೆ. ಕೊಳ್ಳುವವರಲ್ಲಿ ಇಟಲಿ ಮುಂದಿನ ಸಾಲಿನಲ್ಲಿದೆ. ಅಲ್ಲಿಯ ಎಸ್‌ಪ್ರೆಸೊದ ಮೇಲೆ ಕಟ್ಟುವ ಹೊಂಬಣ್ಣದ ನೊರೆಗೆ ನಮ್ಮ ರೋಬಸ್ಟಾದ ಕೊಡುಗೆಯೂ ಇದೆ. ಇಟಲಿಯವನು ಮಾದರಿ ತರಿಸಿಕೊಂಡು, ಹುರಿದು, ಕುಡಿದು ನೋಡಿ, ಉಗಿದು, ಆಮೇಲೆ ಬೆಲೆ ಮಾತಾಡುತ್ತಾನೆ. ನಾವು? ಅಂಗಡಿ ಮುಂದೆ ಸ್ಕೂಟರ್ ನಿಲ್ಲಿಸಿ, ಇಂಜಿನ್ ಕೂಡ ಆರಿಸದೆ, “ಅರ್ಧ ಕೇಜಿ ಪುಡಿ ಕೊಡಿ” ಅನ್ನುತ್ತೇವೆ. ದೇವರಾಜ ಮಾರುಕಟ್ಟೆಯಲ್ಲಿ ರಸಬಾಳೆ ನಂಜನಗೂಡಿನದೇನಾ, ಬದನೆ ಈರನಗೆರೆಯದೇನಾ ಎಂದು ಮೂಸಿ, ಒತ್ತಿ, ಜಗಳವಾಡಿ ಕೊಳ್ಳುವ ಊರು ಇದು. ಕಾಫಿಯ ವಿಷಯದಲ್ಲಿ ಮಾತ್ರ ನಮಗೆ ಯಾವ ಪ್ರಶ್ನೆಯೂ ಇಲ್ಲ.

ಇದಕ್ಕೆ ಒಂದು ಕಾರಣವೂ ಉಂಟು, ಅದನ್ನು ಹೇಳದಿದ್ದರೆ ಅನ್ಯಾಯವಾದೀತು. ಎರಡನೇ ಮಹಾಯುದ್ಧದಲ್ಲಿ ಯೂರೋಪಿನ ಮಾರುಕಟ್ಟೆ ಕೈತಪ್ಪಿ ಬೆಳೆಗಾರರು ಕಂಗೆಟ್ಟಾಗ 1942ರ ಕಾಫಿ ಕಾಯ್ದೆ ಬಂತು. ಬೆಳೆದದ್ದನ್ನೆಲ್ಲ ಕಾಫಿ ಮಂಡಳಿಯ ಪೂಲ್‌ಗೆ ಒಪ್ಪಿಸಬೇಕು, ಮಂಡಳಿ ಮಾರಿ ಕಂತಿನಲ್ಲಿ ಹಣ ಕೊಡುತ್ತದೆ. ಬೆಳೆಗಾರ ಉಳಿದುಕೊಂಡ, ನಿಜ. ಆದರೆ ಗಿರಿಯ ತುದಿಯಲ್ಲಿ ಜತನದಿಂದ ಮಾಡಿದ ಕಾಫಿಯೂ ಕೆಳಗಿನ ಸೀಮೆಯ ಕಾಫಿಯೂ ಒಂದೇ ರಾಶಿಗೆ ಬಿದ್ದು ತಮ್ಮ ಹೆಸರು ಕಳೆದುಕೊಂಡವು. 1990ರ ದಶಕದಲ್ಲಿ ಕಟ್ಟು ಸಡಿಲವಾಗುತ್ತ ಬಂದು 1996ರಲ್ಲಿ ಮಾರಾಟ ಪೂರ್ತಿ ಮುಕ್ತವಾಯಿತು. ಅಂದರೆ ಅರ್ಧ ಶತಮಾನ ನಮ್ಮ ಹಿರಿಯರು ವಿಳಾಸವಿಲ್ಲದ ಕಾಫಿ ಕುಡಿದರು. ಕೇಳುವ ಅಭ್ಯಾಸ ಎಲ್ಲಿಂದ ಬರಬೇಕು? ಇವತ್ತು ಈ ಮೇಳದ ಮಳಿಗೆಗಳಲ್ಲಿ ಒಂದೊಂದು ಚೀಲದ ಮೇಲೂ ತೋಟದ ಹೆಸರಿದೆ. 2019ರಲ್ಲಿ ಕೊಡಗು ಅರೇಬಿಕಾ, ಚಿಕ್ಕಮಗಳೂರು ಅರೇಬಿಕಾ, ಬಾಬಾಬುಡನ್‌ಗಿರಿ ಅರೇಬಿಕಾಗಳಿಗೆ ಭೌಗೋಳಿಕ ಸೂಚಿಕೆಯೂ ಸಿಕ್ಕಿತು. ವಿಳಾಸ ಬಂದಿದೆ. ಓದುವವರು ಬೇಕು.

ಬಾಬಾ ಬುಡನ್ ಯೆಮನ್‌ನಿಂದ ಏಳು ಬೀಜ ತಂದ ಕಥೆ ಇಲ್ಲಿರುವ ಮಕ್ಕಳಿಗೂ ಗೊತ್ತು, ಅದನ್ನು ಮತ್ತೆ ಹೇಳುವುದಿಲ್ಲ. ಅಷ್ಟು ಪ್ರಸಿದ್ಧವಲ್ಲದ ಇನ್ನೊಂದು ಕಥೆ ಹೇಳುತ್ತೇನೆ. ಎಲೆ ತುಕ್ಕುರೋಗ ಬಂದು ಅರೇಬಿಕಾ ತೋಟಗಳು ಬೋಳಾಗುತ್ತಿದ್ದ ಕಾಲದಲ್ಲಿ, ಮೈಸೂರು ಸಂಸ್ಥಾನದ ಕೃಷಿ ನಿರ್ದೇಶಕರಾಗಿದ್ದ ಲೆಸ್ಲಿ ಕೋಲ್ಮನ್ ಮುಂದೆ ನಿಂತು 1925ರಲ್ಲಿ ಬಾಳೆಹೊನ್ನೂರಿನ ಬಳಿ ಕಾಫಿ ಸಂಶೋಧನೆಗೆ ನೆಲೆ ಮಾಡಿಸಿದರು. ಅಲ್ಲಿ ತಳಿ ಕೂಡಿಸಿ, ಸಸಿ ಆರಿಸಿ, ವರ್ಷಗಟ್ಟಲೆ ಕಾದು ತೆಗೆದದ್ದು ಎಸ್.795. 1940ರ ದಶಕದಲ್ಲಿ ಬೆಳೆಗಾರರ ಕೈಸೇರಿದ ಆ ತಳಿ ಇಂದಿಗೂ ನಮ್ಮ ತೋಟಗಳಲ್ಲಿದೆ. ಮಳಿಗೆಯಲ್ಲಿ ಯಾರಾದರೂ “ಇದು ಏಳುನೂರ ತೊಂಬತ್ತೈದು” ಅಂದರೆ ಅದು ಬೆಲೆಯಲ್ಲ, ಗಾಬರಿಯಾಗಬೇಡಿ.

ಈಗ ಕೊಳ್ಳುವ ವಿಚಾರ. ಅರೇಬಿಕಾ ಮೇಲು, ರೋಬಸ್ಟಾ ಕೀಳು ಎಂಬ ಮಾತು ಹೊಸದಾಗಿ ಕಾಫಿ ಕಲಿತವರ ಬಾಯಲ್ಲಿ ಬಹಳ ಕೇಳುತ್ತಿದ್ದೇನೆ. ನನಗೆ ಒಪ್ಪಿಗೆಯಿಲ್ಲ. ಅರೇಬಿಕಾದಲ್ಲಿ ಪರಿಮಳ, ನಯವಾದ ಹುಳಿ, ಬಾಯಲ್ಲಿ ಉಳಿಯುವ ಒಂದು ಸಿಹಿ ಇದೆ. ರೋಬಸ್ಟಾದಲ್ಲಿ ಕೆಫೀನು ಹೆಚ್ಚುಕಡಿಮೆ ಇಮ್ಮಡಿ, ಕಹಿ ಜಾಸ್ತಿ, ಮೈ ದಪ್ಪ. ಹಾಲಿಲ್ಲದೆ ಕುಡಿಯುವವರಿಗೆ ಅರೇಬಿಕಾ ಸರಿ. ಆದರೆ ನಮ್ಮ ಮನೆಗಳಲ್ಲಿ ಡಿಕಾಕ್ಷನ್‌ನ ಎರಡು ಮೂರರಷ್ಟು ಹಾಲು, ಮೇಲೆ ಸಕ್ಕರೆ. ಬರೀ ಅರೇಬಿಕಾ ಅದರಲ್ಲಿ ಕೊಚ್ಚಿಹೋಗುತ್ತದೆ. ಮುಕ್ಕಾಲು ಪ್ಲಾಂಟೇಶನ್ ಅರೇಬಿಕಾಕ್ಕೆ ಕಾಲು ಪಾಲು ಚೆನ್ನಾಗಿ ಸಂಸ್ಕರಿಸಿದ ರೋಬಸ್ಟಾ ಸೇರಿಸಿ ನೋಡಿ, ಹಾಲಿನ ಕಾಫಿಗೆ ಬೆನ್ನೆಲುಬು ಬರುತ್ತದೆ.

“ಚೆನ್ನಾಗಿ ಸಂಸ್ಕರಿಸಿದ” ಅನ್ನುವುದೇ ಮುಖ್ಯ. ಚೀಲದ ಮೇಲೆ ‘ಪ್ಲಾಂಟೇಶನ್’ ಎಂದಿದ್ದರೆ ಅದು ಹಣ್ಣನ್ನು ಕೊಯ್ದ ದಿನವೇ ಪಲ್ಪಿಂಗ್ ಮಾಡಿ, ಲೋಳೆ ಕಳೆಯಲು ಹುದುಗು ಬರಿಸಿ, ತೊಳೆದು ಒಣಗಿಸಿದ ಅರೇಬಿಕಾ. ರೋಬಸ್ಟಾವನ್ನು ಹೀಗೆ ಮಾಡಿದರೆ ‘ರೋಬಸ್ಟಾ ಪಾರ್ಚ್‌ಮೆಂಟ್’. ‘ಚೆರಿ’ ಎಂದರೆ ಹಣ್ಣನ್ನು ಇಡಿಯಾಗಿ ಕಣದಲ್ಲಿ ಒಣಗಿಸಿ ಆಮೇಲೆ ಸಿಪ್ಪೆ ಬಿಡಿಸಿದ್ದು. ಎ, ಬಿ, ಸಿ ಎಂಬುದು ಜರಡಿ ಅಳತೆ, ಬೀಜದ ಗಾತ್ರ ಅಷ್ಟೆ, ಪರೀಕ್ಷೆಯ ಅಂಕವಲ್ಲ. ಹೊಲಸು ಕಣದಲ್ಲಿ ಒಣಗಿದ ‘ಎ’ಗಿಂತ ಶುದ್ಧವಾಗಿ ಒಣಗಿದ ‘ಬಿ’ ಎಷ್ಟೋ ಮೇಲು. ಪೀಬೆರಿ ಬಗ್ಗೆ ಮೈಸೂರಿಗರಿಗೆ ವಿಶೇಷ ವ್ಯಾಮೋಹ. ಒಂದು ಹಣ್ಣಿನಲ್ಲಿ ಎರಡು ಬೀಜ ಮುಖಾಮುಖಿ ಬೆಳೆಯಬೇಕಾದ ಕಡೆ ಒಂದೇ ಬೆಳೆದು ಗುಂಡಗಾದರೆ ಅದು ಪೀಬೆರಿ. ಗುಂಡಗಿರುವುದರಿಂದ ಹುರಿಯುವಾಗ ಉರುಳಿ ಸಮನಾಗಿ ಬೇಯುತ್ತದೆ, ಅದು ಅದರ ಅನುಕೂಲ. ರುಚಿ ಮಾತ್ರ ಅದೇ ಗಿಡದ್ದು. ಹೆಚ್ಚಿಗೆ ಕೊಡುವ ದುಡ್ಡನ್ನು ಒಳ್ಳೆಯ ತೋಟಕ್ಕೆ ಕೊಡಿ, ಗುಂಡು ಆಕಾರಕ್ಕೆ ಬೇಡ.

ಮನೆಗೆ ತಂದ ಮೇಲೆ ಒಂದು ಹಿಡಿ ಹುರಿದ ಬೀಜವನ್ನು ಬಿಳಿ ತಟ್ಟೆಯಲ್ಲಿ ಹರಡಿ, ಕಿಟಕಿ ಬೆಳಕಿನಲ್ಲಿ ನೋಡಿ. ಎಲ್ಲವೂ ಒಂದೇ ಕಂದುಬಣ್ಣಕ್ಕೆ ಬಂದಿರುವಾಗ ನಡುವೆ ನಾಲ್ಕಾರು ಮಾತ್ರ ಪೇಲವವಾಗಿ, ನೆಲಗಡಲೆ ಬಣ್ಣದಲ್ಲಿ ಉಳಿದಿದ್ದರೆ ಅವು ಕಾಯಿಯಾಗಿದ್ದಾಗಲೇ ಕೊಯ್ದ ಬೀಜಗಳು. ಹಣ್ಣಾಗದ್ದರಿಂದ ಒಳಗೆ ಸಕ್ಕರೆ ಕಟ್ಟಿಲ್ಲ, ಸಕ್ಕರೆ ಇಲ್ಲದ್ದರಿಂದ ಬಣ್ಣ ತಿರುಗಿಲ್ಲ. ಅಂಥ ಒಂದನ್ನು ಬಾಯಿಗೆ ಹಾಕಿ ಅಗಿಯಿರಿ. ಒಣ ಕಾಗದದ ರುಚಿ. ಸೂಜಿಯಿಂದ ಚುಚ್ಚಿದಂಥ ತೂತು ಕಂಡರೆ ಬೆರಿ ಬೋರರ್ ಹುಳುವಿನ ಕೆಲಸ. ಒಡಕು ಚೂರುಗಳು ಮಿಕ್ಕವುಗಳಿಗಿಂತ ಮೊದಲೇ ಸೀದಿರುತ್ತವೆ. ಈ ನಾಲ್ಕಾರನ್ನು ಹೆಕ್ಕಿ ಎಸೆಯುವುದಕ್ಕೆ ಒಂದು ನಿಮಿಷ ಸಾಕು. ಅಕ್ಕಿ ಆರಿಸುವ ಕೈಗೆ ಇದೇನು ಮಹಾ ಕೆಲಸ? ಬೀಜದ ಮೈಮೇಲೆ ಎಣ್ಣೆ ಹೊಳೆಯುತ್ತಿದ್ದರೆ ತುಂಬಾ ಕಪ್ಪಗೆ ಹುರಿದಿದ್ದಾರೆ ಅಥವಾ ಹುರಿದು ಬಹಳ ದಿನವಾಗಿದೆ. ಕೆಲವರು ಆ ಹೊಳಪನ್ನೇ ತಾಜಾತನ ಅಂದುಕೊಳ್ಳುತ್ತಾರೆ.

ತಾಜಾತನವೇ ನನ್ನ ಮುಖ್ಯ ವಾದ. ಹಸಿ ಬೀಜ ಸರಿಯಾಗಿ ಒಣಗಿದ್ದರೆ ತಿಂಗಳುಗಟ್ಟಲೆ ಕಾಯುತ್ತದೆ. ಹುರಿದ ಕ್ಷಣದಿಂದ ಲೆಕ್ಕ ಬೇರೆ. ಹುರಿದ ಬೀಜದೊಳಗೆ ಇಂಗಾಲದ ಡೈಆಕ್ಸೈಡ್ ತುಂಬಿರುತ್ತದೆ, ಕೆಲವು ದಿನ ಅದು ಹೊರಬರುತ್ತಲೇ ಇರುತ್ತದೆ. ಅದರ ಜೊತೆಗೇ ಪರಿಮಳವೂ ಸೋರುತ್ತದೆ, ಒಳಗೆ ಗಾಳಿ ಹೋಗಿ ಎಣ್ಣೆ ಕಮಟುತ್ತದೆ. ಬೀಜವಾಗಿದ್ದರೆ ಮೂರು ನಾಲ್ಕು ವಾರ ಗೌರವದಿಂದ ಇರುತ್ತದೆ. ಪುಡಿ ಮಾಡಿದಿರೋ, ಒಂದು ವಾರದೊಳಗೇ ಸಪ್ಪೆ. ಅಂಗಡಿಯಲ್ಲಿ ಅರೆಯುವಾಗ ಬೀದಿಗೆಲ್ಲ ಬರುವ ಆ ಘಮ ನಿಮ್ಮ ಲೋಟಕ್ಕೆ ಬರಬೇಕಾಗಿದ್ದದ್ದು. ಪೊಟ್ಟಣಗಳ ಮೇಲೆ ಪ್ಯಾಕ್ ಮಾಡಿದ ದಿನಾಂಕ ಇರುತ್ತದೆ. ಹುರಿದ ದಿನಾಂಕ ಬೇರೆ, ಅದನ್ನು ಕೇಳಬೇಕು. ತಿಂಗಳಿಗಾಗುವಷ್ಟು ಪುಡಿ ತಂದು ಒಲೆಯ ಪಕ್ಕದ ಗೂಡಿನಲ್ಲಿಟ್ಟು, ದಿನಾ ಒದ್ದೆ ಚಮಚ ಹಾಕಿ ತೆಗೆದು, ಮೂರನೇ ವಾರ “ಈ ಸಲ ಅವನು ಪುಡಿ ಸರಿಯಾಗಿ ಕೊಟ್ಟಿಲ್ಲ” ಅನ್ನುತ್ತೇವೆ. ಕಾಲು ಕೇಜಿ ತನ್ನಿ, ಬೀಜವಾಗಿಯೇ ತನ್ನಿ, ಗಾಳಿಯಾಡದ ಡಬ್ಬಿಯಲ್ಲಿ ಬೆಳಕು ಬೀಳದ ತಂಪು ಜಾಗದಲ್ಲಿಡಿ. ಫ್ರಿಜ್ ಬೇಡ, ದಿನಾ ತೆಗೆದು ಇಟ್ಟರೆ ತೇವ ಹಿಡಿಯುತ್ತದೆ. ಹಳೆಯ ಮನೆಗಳಲ್ಲಿ ಮೇಜಿನ ಅಂಚಿಗೆ ಸ್ಕ್ರೂ ಹಾಕಿ ಕೂರಿಸಿದ ಕೈಮಿಷನ್ ಇರುತ್ತಿತ್ತು. ಅಟ್ಟದಲ್ಲಿದ್ದರೆ ಇಳಿಸಿ, ತೊಳೆದು ಒರೆಸಿ. ಮಿಕ್ಸಿಯೇ ಗತಿಯಾದರೆ ಬಿಟ್ಟುಬಿಟ್ಟು ತಿರುಗಿಸಿ, ಬೀಜ ಬಿಸಿಯಾಗದ ಹಾಗೆ.

ಚಿಕೋರಿಗೆ ಬರುತ್ತೇನೆ. ಅದು ಪಾಪದ ವಸ್ತುವಲ್ಲ. ಗುಜರಾತಿನಲ್ಲೂ ಉತ್ತರಪ್ರದೇಶದಲ್ಲೂ ಬೆಳೆಯುವ ಒಂದು ಗಿಡದ ಬೇರು. ಹುರಿದು ಪುಡಿ ಮಾಡಿದರೆ ಬಣ್ಣ, ಮಂದತನ, ಒಂದು ಬಗೆಯ ಕರಿಬೆಲ್ಲದ ಕಹಿ ಕೊಡುತ್ತದೆ. ಕೆಫೀನ್ ಇಲ್ಲ. ನೂರಕ್ಕೆ ಹತ್ತು ಹದಿನೈದು ಇದ್ದರೆ ಹಾಲಿನ ಕಾಫಿಗೆ ಹಿತವೆಂದೇ ನನ್ನ ಅಭಿಪ್ರಾಯ, ಶುದ್ಧವಾದಿಗಳು ಕ್ಷಮಿಸಬೇಕು. ಆದರೆ ಕಾನೂನು ಕೇಳುವುದು ಕಾಫಿ 51 ಪಾಲಿಗೆ ಕಡಿಮೆ ಇರಬಾರದು ಎಂದು ಮಾತ್ರ. ಅಂದರೆ 49 ಪಾಲು ಬೇರಿನ ಪುಡಿ ಇದ್ದರೂ ಅದು ಕಾಫಿ-ಚಿಕೋರಿ ಮಿಶ್ರಣವೇ. ಪ್ರಮಾಣವನ್ನು ಪೊಟ್ಟಣದ ಮೇಲೆ ಮುದ್ರಿಸಲೇಬೇಕು, ಕನ್ನಡಕ ಹಾಕಿಕೊಂಡು ಓದಿ. ಬಿಡಿ ಪುಡಿಯ ಬಗ್ಗೆ ಅನುಮಾನವಿದ್ದರೆ ಒಂದು ಗಾಜಿನ ಲೋಟದ ತಣ್ಣೀರಿನ ಮೇಲೆ ಒಂದು ಚಮಚ ಉದುರಿಸಿ. ಕಾಫಿ ಎಣ್ಣೆಯ ದೆಸೆಯಿಂದ ಸ್ವಲ್ಪ ಹೊತ್ತು ತೇಲುತ್ತದೆ. ಚಿಕೋರಿ ಕೂಡಲೇ ಕಂದು ಎಳೆ ಬಿಡುತ್ತ ತಳಕ್ಕಿಳಿಯುತ್ತದೆ. ಅಲ್ಲಿ ಎಡಗಡೆಯ ಮೇಜಿನ ಮೇಲೆ ಸಂಘಟಕರು ಲೋಟ ನೀರು ಇಟ್ಟಿದ್ದಾರೆ, ಮನೆಯ ಪುಡಿ ತಂದಿದ್ದರೆ ಈಗಲೇ ನೋಡಬಹುದು.

ಈಗ ಫಿಲ್ಟರ್. 30 ಗ್ರಾಂ ಪುಡಿಗೆ 150 ಮಿಲಿ ನೀರು ನನ್ನ ಲೆಕ್ಕ. ಪುಡಿ ತನ್ನ ತೂಕದ ಎರಡರಷ್ಟು ನೀರನ್ನು ಹೀರಿ ತನ್ನಲ್ಲೇ ಇಟ್ಟುಕೊಳ್ಳುವುದರಿಂದ ಕೆಳಗೆ ಇಳಿಯುವುದು 90 ಮಿಲಿ ಆಸುಪಾಸು, ಮೂರು ಲೋಟಕ್ಕೆ ಸಾಕು. ಪುಡಿ ತೀರಾ ನುಣ್ಣಗಿದ್ದರೆ ತೂತು ಕಟ್ಟುತ್ತದೆ, ಆಗ ನಾವು ಮೇಲಿನ ಪಾತ್ರೆಯನ್ನು ಕುಟ್ಟಲು ಶುರುಮಾಡುತ್ತೇವೆ. ತರಿಯಾಗಿದ್ದರೆ ನೀರು ಸರಸರ ಹರಿದು ಹೋಗಿ ಡಿಕಾಕ್ಷನ್ ನೀರು ನೀರಾಗುತ್ತದೆ. ಪುಡಿಯನ್ನು ಸಮತಟ್ಟು ಮಾಡಿ, ಅದನ್ನು ಒತ್ತುವ ಬಿಲ್ಲೆಯನ್ನು, ಅಂದರೆ ಛತ್ರಿಯನ್ನು, ಮೆಲ್ಲಗೆ ಕೂರಿಸಿ. ಅದರ ಮೇಲೆ ಸೇಡು ತೀರಿಸಿಕೊಳ್ಳಬೇಡಿ. ನೀರು ಕುದಿ ಬಂದ ಮೇಲೆ ಅರೆ ನಿಮಿಷ ಬಿಟ್ಟು, ಮೊದಲು ಪುಡಿ ನೆನೆಯುವಷ್ಟು ಮಾತ್ರ ಹುಯ್ಯಿರಿ. ತಾಜಾ ಪುಡಿಯಾದರೆ ಉಬ್ಬಿ, ಛತ್ರಿಯ ಸುತ್ತ ಗುಳ್ಳೆ ಏಳುತ್ತದೆ. ಗುಳ್ಳೆ ಏಳಲಿಲ್ಲವೆಂದರೆ ಅಂಗಡಿಯವನು ಹೇಳಿದ ದಿನಾಂಕದ ಮೇಲೆ ನಂಬಿಕೆ ಇಡಬೇಡಿ. ಅರೆ ನಿಮಿಷ ಕಳೆದ ಮೇಲೆ ಉಳಿದ ನೀರು. ಕೊಳವೆಬಾವಿಯ ಗಡುಸು ನೀರಿನಲ್ಲಿ ಎಂಥ ಬೀಜವೂ ಮಂಕಾಗುತ್ತದೆ, ಕುಡಿಯುವ ಸಿಹಿನೀರೇ ಬೇಕು. ಇಳಿದ ಡಿಕಾಕ್ಷನ್ನನ್ನು ಒಲೆಯ ಮೇಲಿಟ್ಟು ಕುದಿಸುವುದು ಅಪರಾಧ. ಬಿಸಿ ಆರಿದ್ದರೆ ಬಿಸಿನೀರಿನ ಪಾತ್ರೆಯಲ್ಲಿ ಇಳಿಬಿಟ್ಟು ಬೆಚ್ಚಗೆ ಮಾಡಿ. ಚರಟಕ್ಕೆ ಮತ್ತೊಮ್ಮೆ ನೀರು ಹಾಕಿ ಎರಡನೇ ಡಿಕಾಕ್ಷನ್ ತೆಗೆಯುವವರಿದ್ದಾರೆ. ಮನೆಯವರಿಗೆ ಆದೀತು, ಬಂದವರಿಗೆ ಕೊಡಬೇಡಿ.

ಫ್ರೆಂಚ್ ಪ್ರೆಸ್, ಮೋಕಾ ಪಾಟ್, ಕಾಗದದ ಫಿಲ್ಟರು ಎಲ್ಲದಕ್ಕೂ ಇಲ್ಲಿ ಮಳಿಗೆಗಳಿವೆ, ಮಾಡಿ ತೋರಿಸುತ್ತಾರೆ. ಉಪಕರಣಕ್ಕೆ ಸಾವಿರಾರು ರೂಪಾಯಿ ಸುರಿಯುವ ಮೊದಲು ಬೀಜ ಬದಲಾಯಿಸಿ ನೋಡಿ ಅನ್ನುವುದಷ್ಟೇ ನನ್ನ ಮಾತು. ಕೊಡಗಿನ ಬೆಲ್ಲದ ಕಾಫಿಗೆ ಯಾವ ಉಪಕರಣವೂ ಬೇಡ: ಪಾತ್ರೆ, ನೀರು, ಬೆಲ್ಲ, ಪುಡಿ, ಒಂದು ತುಂಡು ಬಟ್ಟೆ. ಹಾಲಿಲ್ಲದ್ದರಿಂದ ಬೀಜದ ಗುಣವೂ ದೋಷವೂ ಅದರಲ್ಲಿ ಬಚ್ಚಿಟ್ಟುಕೊಳ್ಳುವುದಿಲ್ಲ.

ಮಳಿಗೆಯವರಲ್ಲಿ ಒಂದು ವಿನಂತಿ. ಈ ಮೂರು ದಿನ ನೀವು ಮಾರುವ ಪ್ರತಿ ಪೊಟ್ಟಣದ ಮೇಲೆ ತೋಟ, ತಳಿ, ಹುರಿದ ದಿನ, ಚಿಕೋರಿ ಇದ್ದರೆ ಅದರ ಪ್ರಮಾಣ, ಇಷ್ಟನ್ನು ಕನ್ನಡದಲ್ಲಿ ದಪ್ಪ ಅಕ್ಷರದಲ್ಲಿ ಬರೆಯಿರಿ. ಬೆಳೆಗಾರರು ಹೂಮಳೆಗೆ ಆಕಾಶ ನೋಡಿ, ಆನೆ ಕಾದು, ಕೊಯ್ಲಿಗೆ ಆಳು ಹುಡುಕಿ, ಒಂದೊಂದೇ ಹಣ್ಣು ಆರಿಸಿ ಕೊಯ್ಸಿದ್ದಾರೆ. ಹಸಿರು ಕಾಯಿ ಬಿಟ್ಟು ಹಣ್ಣನ್ನೇ ಕೊಯ್ಯಲು ಕೂಲಿ ಹೆಚ್ಚು ಬೀಳುತ್ತದೆ. ಕೇಳುವ ಗಿರಾಕಿ ಇಲ್ಲದಿದ್ದರೆ ಆ ಖರ್ಚನ್ನು ಅವರು ಎಷ್ಟು ವರ್ಷ ಮಾಡಿಯಾರು?

ಕೊಳ್ಳಲು ಬಂದವರಲ್ಲಿಯೂ ಒಂದು ವಿನಂತಿ. ಸಂಕೋಚ ಬೇಡ. ಪ್ರತಿ ಮಳಿಗೆಯಲ್ಲೂ ಯಾವ ತೋಟದ್ದು, ಯಾವತ್ತು ಹುರಿದದ್ದು ಎಂದು ಕೇಳಿ. ಉತ್ತರ ಬರದಿದ್ದರೆ ಮುಂದಿನ ಮಳಿಗೆಗೆ ಹೋಗಿ. ಮೇಳ ಪ್ರಾರಂಭವಾಗಿದೆ ಎಂದು ಘೋಷಿಸುತ್ತೇನೆ. ಮಳಿಗೆಗಳು ರಾತ್ರಿ ಎಂಟರವರೆಗೆ ತೆರೆದಿರುತ್ತವೆ.